ಉಪದೇಶಿಗಳು ಹೇಳಿದ ಸುಳ್ಳು

ಉಪದೇಶಿಗಳು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಅವರನ್ನು ಮಣ್ಣು ಮಾಡಿದ ಮೂರನೆಯ ದಿನ. ಆಗ ನಾನು ಸುಳ್ಯದ ಕಡೆ ಕ್ರೈಸ್ತ ಸಭಾಪಾಲಕನಾಗಿದ್ದೆ. ಬಸ್ಸಿಳಿದು ಮನೆಗೆ ನಡೆಯುತ್ತಿದ್ದವನನ್ನು ಪುತ್ತೂರಿನ ಪರಿಚಯದವರೊಬ್ಬರು ನಿಲ್ಲಿಸಿದರು. ಬೇರೆ ನಾಲ್ಕು ಮಾತಾಡಿ, ಹೊರಡುವಾಗ ನೆನಪಾದವರಂತೆ, "ನಿಮ್ಮ ಹಳೇ ಉಪದೇಶಿ ಹೋದರಲ್ಲ, ಗೊತ್ತಾಯ್ತಾ?" ಎಂದರು.

ಮಣ್ಣಿಗೆ ಎಷ್ಟು ಜನ ಬಂದಿದ್ದರು ಎಂದು ಕೇಳಿದೆ.

"ಹೊರಲಿಕ್ಕೆ ಸಾಕಾಗುವಷ್ಟು ಇದ್ದರು" ಎಂದರು.

ನನಗೆ ಹೇಳಿ ಕಳಿಸಲು ಸಮಯವಿತ್ತು. ಪುತ್ತೂರಿನಿಂದ ಸುಳ್ಯಕ್ಕೆ ದಿನಕ್ಕೆ ಹಲವು ಬಸ್ಸುಗಳಿದ್ದವು. ಅವರ ಹೆಂಡತಿ ಬೇಡವೆಂದಿರಬೇಕು. ಆಕೆ ನನ್ನೊಡನೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಆಕೆಯದು ತಪ್ಪೆಂದು ನಾನು ಹೇಳಲಾರೆ.

ಐವತ್ತರ ದಶಕದ ನಡುವಿನ ಮಾತು. ನಾನು ಮಂಗಳೂರಿನ ಸೆಮಿನರಿಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿ. ಶನಿವಾರ ಯಾವುದಾದರೂ ಹಳ್ಳಿಯ ಸಭೆಗೆ ಹೋಗುವುದು, ಭಾನುವಾರ ಆರಾಧನೆಯಲ್ಲಿ ಪ್ರಸಂಗ ಮಾಡುವುದು, ಸೋಮವಾರ ಹಿಂದೆ ಬಂದು ವರದಿ ಬರೆದು ಕೊಡುವುದು, ಇದು ನಮಗಿದ್ದ ಅಭ್ಯಾಸ. ನನಗೆ ಸಿಕ್ಕಿದ್ದು ಪುತ್ತೂರು, ಸುಳ್ಯ, ಕಡಬದ ಕಡೆ. ದಾರಿ ತೋರಿಸಲು ಜೊತೆಗೆ ಕೊಟ್ಟವರು ಉಪದೇಶಿಗಳು.

ನಮ್ಮ ಸಭೆಗಳಲ್ಲಿ ದೀಕ್ಷೆಯಾದ ಅಯ್ಯನವರು ಬೇರೆ, ಉಪದೇಶಿ ಬೇರೆ. ಅಯ್ಯನವರು ಮಗುವಿಗೆ ನೀರು ಹನಿಸಿ ಹೆಸರಿಟ್ಟು ದೀಕ್ಷಾಸ್ನಾನ ಕೊಡುತ್ತಾರೆ, ಮದುವೆ ಮಾಡಿಸುತ್ತಾರೆ, ಪ್ರಭು ಭೋಜನದ ರೊಟ್ಟಿ ಮುರಿಯುತ್ತಾರೆ. ಉಪದೇಶಿಗೆ ಆ ಅಧಿಕಾರ ಯಾವುದೂ ಇಲ್ಲ. ಅವನು ನಡೆಯುತ್ತಾನೆ. ಮನೆಯಿಂದ ಮನೆಗೆ, ಹಳ್ಳಿಯಿಂದ ಹಳ್ಳಿಗೆ ಹೋಗಿ ಪ್ರಾರ್ಥನೆ ಮಾಡುತ್ತಾನೆ, ಮಕ್ಕಳಿಗೆ ಕಲಿಸುತ್ತಾನೆ, ಕಾಯಿಲೆಯವರ ಪಕ್ಕ ಕೂರುತ್ತಾನೆ. ಇವರು ಇಪ್ಪತ್ತೆರಡು ವರ್ಷ ಹೀಗೆ ನಡೆದಿದ್ದರು. ಅದಕ್ಕೂ ಮೊದಲು ಹಂಚಿನ ಕಾರ್ಖಾನೆಯಲ್ಲಿದ್ದರಂತೆ. ಅಲ್ಲಿನ ಯಂತ್ರ ಬಲಗೈಯ ಎರಡು ಬೆರಳನ್ನು ಅರ್ಧಕ್ಕೆ ತೆಗೆದಿತ್ತು. ಸತ್ಯವೇದ ಓದುವಾಗ ಆ ಮೋಟು ಬೆರಳನ್ನೇ ಸಾಲಿನ ಕೆಳಗೆ ಜರುಗಿಸುತ್ತಿದ್ದರು. ಎತ್ತರದ ಆಳು. ಚೀಲ ತೂಗಿ ತೂಗಿ ಒಂದು ಹೆಗಲು ಇಳಿದಿತ್ತು. ಕತ್ತಿನವರೆಗೂ ಗುಂಡಿ ಹಾಕಿದ ಬಿಳಿ ಕೋಟು, ಕೆಳಗೆ ಮುಂಡು. ಚಪ್ಪಲಿ ಇತ್ತು, ಆದರೆ ಅದು ಹೆಚ್ಚಾಗಿ ಕೈಯಲ್ಲೇ ಇರುತ್ತಿತ್ತು.

ಮೊದಲ ದಿನ ಪುತ್ತೂರಿನಲ್ಲಿ ಬಸ್ಸಿಳಿದ ನನ್ನನ್ನು ನೋಡಿದವರೇ, "ಪ್ರಸಂಗ ಬರೆದು ತಂದಿದ್ದೀರಾ?" ಎಂದು ಕೇಳಿದರು.

"ಹೌದು."

"ಎಷ್ಟು ಪುಟ ಉಂಟು?"

"ಹನ್ನೊಂದು."

"ಕೂಲಿಗೆ ಹೋಗುವವರು ಮಾರಾಯ್ರೆ, ಕೂತಲ್ಲೇ ತೂಕಡಿಸ್ತಾರೆ. ಮೂರು ಪುಟ ಸಾಕು. ಉಳಿದದ್ದನ್ನು ನಿಮ್ಮ ಪ್ರಿನ್ಸಿಪಾಲರಿಗೆ ಓದಿ."

ನನಗೆ ಸಿಟ್ಟು ಬಂದಿತ್ತು. ಮೂಲಭಾಷೆಯ ಎರಡು ಪದಗಳನ್ನು ಹುಡುಕಿ ಹಾಕಿ ಬರೆದ ಪ್ರಸಂಗ ಅದು.

ಅವರು ಯಾರ ಮನೆಗೂ ಮುಂಬಾಗಿಲಿನಿಂದ ಹೋಗುತ್ತಿರಲಿಲ್ಲ. ಸುತ್ತಿ ಹಿತ್ತಲಿಗೆ ಹೋಗಿ, ಅಡಿಗೆಕೋಣೆಯ ಕಡೆಯಿಂದ ಕರೆಯುತ್ತಿದ್ದರು. ಇದೇನು ಕ್ರಮ ಎಂದು ಕೇಳಿದೆ. "ಮುಂದಿನ ಬಾಗಿಲಲ್ಲಿ ಎಲ್ಲರೂ ನಗ್ತಾರೆ. ಒಲೆ ಉರಿದಿದೆಯಾ ಇಲ್ವಾ ಅಂತ ಹಿಂದಿನಿಂದಲೇ ನೋಡಬೇಕು" ಎಂದರು. ಕಬಕದ ಹತ್ತಿರ ಒಬ್ಬ ಮುದುಕನ ಮನೆಯ ಒಲೆಯಲ್ಲಿ ಬೂದಿ ಗಟ್ಟಿಯಾಗಿ ಹೋಗಿತ್ತು. ಮುದುಕ ಚಾಪೆಯಲ್ಲಿದ್ದ. ನಾನು ಸತ್ಯವೇದ ತೆರೆದು ಯಾವ ಕೀರ್ತನೆ ಓದಲಿ ಎಂದು ಕಾಯುತ್ತಿದ್ದೆ. ಉಪದೇಶಿಗಳು ಹೊರಗೆ ಹೋಗಿ ಪುಳ್ಳೆ ಆರಿಸಿ ತಂದರು, ಬೆಂಕಿ ಮಾಡಿದರು, ಗಂಜಿ ಬೇಯಿಸಿದರು, ಆರಿಸಿ ಕುಡಿಸಿದರು. ಒಂದೂವರೆ ಗಂಟೆ ಹಿಡಿಯಿತು. ಪ್ರಾರ್ಥನೆ ಅರ್ಧ ನಿಮಿಷದಲ್ಲಿ ಮುಗಿಯಿತು. ಮುಂದಿನ ಸಲ ನಾವು ಹೋದಾಗ ಆ ಮುದುಕ ಇರಲಿಲ್ಲ.

ಆ ವರ್ಷ ಎಷ್ಟು ಬಗೆಯ ಸಭೆಗಳನ್ನು ನೋಡಿದೆ! ಪುತ್ತೂರಿನಲ್ಲಿ ಹಂಚಿನ ಮಾಡು, ಗಂಟೆ, ಸಾಲಾಗಿ ಬೆಂಚು ಇದ್ದ ದೇವಾಲಯ. ಸುಳ್ಯದಲ್ಲಿ ಒಬ್ಬ ಮಾಸ್ತರರ ಮನೆಯ ಜಗಲಿಯೇ ದೇವಾಲಯ. ಪಕ್ಕದ ಮನೆಯ ಗೌಡರು, ನಮ್ಮ ಮತದವರಲ್ಲದಿದ್ದರೂ, ಭಾನುವಾರ ಬೆಳಿಗ್ಗೆ ಚಾಪೆ ಕಳಿಸಿಕೊಡುತ್ತಿದ್ದರು. ಮರ್ಕಂಜದಲ್ಲಿ ನಾಲ್ಕು ಮನೆ. ಅಲ್ಲಿ ಹಾಡು ಎತ್ತಿಕೊಡುತ್ತಿದ್ದ ಹೆಂಗಸಿಗೆ ಕಿವಿ ಕೇಳುತ್ತಿರಲಿಲ್ಲ, ಎಲ್ಲರೂ ಹಾಡಿ ಮುಗಿಸಿದ ಮೇಲೂ ಒಂದು ಚರಣ ಅವರೊಬ್ಬರದೇ ಉಳಿಯುತ್ತಿತ್ತು. ನಮ್ಮ ಸಭೆ ಮಾತ್ರವಲ್ಲ, ರೋಮನ್ ಕಥೋಲಿಕರ ಇಗರ್ಜಿಗೂ ಉಪದೇಶಿಗಳು ನನ್ನನ್ನು ಕರೆದೊಯ್ದು ಹಿಂದೆ ನಿಲ್ಲಿಸಿದರು. ಕಡಬದ ಆಚೆ, ತಿರುವಾಂಕೂರಿನಿಂದ ಬಂದು ಕಾಡು ಕಡಿಯುತ್ತಿದ್ದ ಮಲಯಾಳಿಗಳು ತೆಂಗಿನ ಮಡಲು ಹೊದೆಸಿ ಕಟ್ಟಿದ ಪಳ್ಳಿಗೂ, ಅಂದರೆ ಅವರ ದೇವಾಲಯಕ್ಕೂ, ಹೋದೆವು. ಅಲ್ಲಿ ಒಂದೂವರೆ ಗಂಟೆ ನಿಂತೇ ಪೂಜೆ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಮುಗಿದ ಮೇಲೆ ಉಪದೇಶಿಗಳು ಅಲ್ಲಿನ ಪಾದ್ರಿಗಳನ್ನು ಮಾತಾಡಿಸದೆ ನೇರ ಹಿಂದಿನ ಗುಡ್ಡಕ್ಕೆ ಹೋದರು. ಅಲ್ಲಿ ಸಮಾಧಿಗಳಿದ್ದವು. ಬಂದು ಎರಡು ವರ್ಷವಾಗದ ಜನ, ಆಗಲೇ ಎರಡು ಸಾಲು ತುಂಬಿತ್ತು. ಮಲೇರಿಯ.

"ಯಾವ ಸಭೆಗೆ ಹೋದರೂ ಮೊದಲು ಸಮಾಧಿಭೂಮಿ ನೋಡಿ" ಎಂದರು. "ಸಣ್ಣ ಗುಂಡಿ ಎಷ್ಟು, ದೊಡ್ಡ ಗುಂಡಿ ಎಷ್ಟು ಅಂತ ನೋಡಿ. ಎಂತ ಪ್ರಸಂಗ ಮಾಡಬೇಕು ಅಂತ ಆಮೇಲೆ ನಿಮಗೇ ಗೊತ್ತಾಗ್ತದೆ."

ಇಷ್ಟು ಓದಿ ಅವರನ್ನು ಸಾಧುವೆಂದುಕೊಳ್ಳಬಾರದು. ಮುಂಗೋಪಿ. ನಸ್ಯದ ಚಟ. ಆರಾಧನೆಗೆ ತಡವಾಗಿ ಬಂದವರನ್ನು ಎಲ್ಲರೆದುರು ಬೈಯುತ್ತಿದ್ದರು. ತನ್ನನ್ನು ಸೆಮಿನರಿಗೆ ಕಳಿಸಲಿಲ್ಲವೆಂಬ ಹೊಟ್ಟೆಯುರಿ ಕೊನೆಯವರೆಗೂ ಆರಲಿಲ್ಲ, ನನ್ನನ್ನು "ಸಣ್ಣ ಅಯ್ಯನವರೇ" ಎಂದು ಕರೆಯುವಾಗ ಅದು ಇಣುಕುತ್ತಿತ್ತು. ಸಭೆಯ ನಿಯಮದ ವಿಷಯದಲ್ಲಿ ಅವರಷ್ಟು ಬಿಗಿಯಾದವರು ಬೇರೆ ಇರಲಿಲ್ಲ. ಆ ಬಿಗಿಯೇ ಒಂದು ಮನೆಯನ್ನು ಸಭೆಯಿಂದ ಹೊರಗೆ ಹಾಕಿತ್ತು.

ಕೋಡಿಂಬಾಳದಿಂದ ಎರಡು ಮೈಲು ಆಚೆ ನಮ್ಮದೊಂದು ಸಣ್ಣ ಸಭೆಯಿತ್ತು. ಅದರ ಹೆಸರು ಬೇಡ. ಅಲ್ಲಿ ಬೀಡಿ ಕಟ್ಟುವ ಒಬ್ಬಳು ಹೆಂಗಸು. ಗಂಡ ಕಾಫಿ ತೋಟದ ಕೆಲಸಕ್ಕೆಂದು ಘಟ್ಟ ಹತ್ತಿದವನು ವರ್ಷಕ್ಕೊಮ್ಮೆ ಬಂದರೆ ಬಂದ. ಅವಳ ಮಗಳಿಗೆ ಒಮ್ಮೆ ಜ್ವರ ಬಂದು ಇಪ್ಪತ್ತು ದಿನ ಬಿಡಲಿಲ್ಲ. ಉಪದೇಶಿಗಳು ಬಂದು ಪ್ರಾರ್ಥನೆ ಮಾಡಿದರು. ಜ್ವರ ಇಳಿಯಲಿಲ್ಲ. ಅವಳು ಊರಿನ ದೈವಕ್ಕೆ ಹರಕೆ ಹೇಳಿಕೊಂಡಳು. ಮಗಳು ಎದ್ದು ಕೂತಳು. ಅವಳು ಹೋಗಿ ಕೋಳಿ ಕೊಟ್ಟು ಬಂದಳು.

ಇದನ್ನು ಸಭೆಯ ಹಿರಿಯರಿಗೆ ತಿಳಿಸಿದವರು ಉಪದೇಶಿಗಳು. ಎಲ್ಲರೆದುರು ತಪ್ಪೊಪ್ಪಿಕೊಂಡರೆ ಸಾಕೆಂದು ಹಿರಿಯರು ಹೇಳಿದರು. ಅವಳು ಒಪ್ಪಲಿಲ್ಲ. "ಮಗಳು ಬದುಕಿದ್ದಾಳೆ. ಅದನ್ನು ತಪ್ಪು ಅಂತ ಹೇಗೆ ಹೇಳುದು?" ಎಂದು ಕೇಳಿದಳಂತೆ. ಅವಳನ್ನು ಸಭೆಯಿಂದ ತೆಗೆದ ಕಾಗದವನ್ನು ಭಾನುವಾರ ನಿಂತು ಓದಿದವರೂ ಉಪದೇಶಿಗಳೇ. ಇದನ್ನು ನನಗೆ ಅವರೇ ಹೇಳಿದ್ದು, ಕಡಬದ ದಾರಿಯಲ್ಲಿ, ಹೊಳೆ ದಾಟುವ ದೋಣಿಗೆ ಕಾಯುತ್ತಿದ್ದಾಗ. "ಓದುವಾಗ ಅವಳು ಎದುರಿಗೇ ಕೂತಿದ್ದಳು, ಮಾರಾಯ್ರೆ. ಹೊಟ್ಟೆಯಲ್ಲಿ ಎರಡನೆಯದ್ದಿತ್ತು. ಎದ್ದು ಹೋಗ್ತಾಳೆ ಅಂದುಕೊಂಡೆ. ಕೊನೆಯ ಹಾಡಿನವರೆಗೆ ಕೂತಳು" ಎಂದರು.

ಎರಡನೆಯದು ಗಂಡು ಮಗು. ತಾಯಿ ಸಭೆಯ ಹೊರಗಿದ್ದ ಕಾರಣ ಅದಕ್ಕೆ ದೀಕ್ಷಾಸ್ನಾನವಾಗಲಿಲ್ಲ. ಅಂಥ ಮಗು ಸತ್ತರೆ ಸಭೆಯ ಸಮಾಧಿಭೂಮಿಯಲ್ಲಿ ಜಾಗವಿಲ್ಲ.

ಅದೊಂದು ಭಾನುವಾರ ನಾವು ಆ ಸಭೆಯಲ್ಲಿದ್ದೆವು, ಏಪ್ರಿಲ್ ತಿಂಗಳ ಬಿಸಿಲು. ಆರಾಧನೆ ಮುಗಿಸಿ ಊಟ ಮಾಡುತ್ತಿದ್ದೆವು. ಅವಳ ಮಗುವಿಗೆ ವಾಂತಿಭೇದಿಯಾಗಿದೆ ಎಂದು ಯಾರೋ ಹೇಳಿದರು. ಉಪದೇಶಿಗಳು ಅರ್ಧ ಊಟದಲ್ಲೇ ಕೈ ತೊಳೆದರು. ನಾವು ಹೋದಾಗ ಸುಮಾರು ಮೂರು ಗಂಟೆ. ಎಂದಿನಂತೆ ಹಿತ್ತಲಿನಿಂದ ಹೋದೆವು. ಅವಳು ಅಡಿಗೆಕೋಣೆಯ ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಳು. ಮಗು ಮಡಿಲಲ್ಲಿತ್ತು, ಎಂಟು ತಿಂಗಳದ್ದು. ಪಕ್ಕದಲ್ಲಿ ಆರು ವರ್ಷದ ಮಗಳು ಬೀಡಿಯ ಮೊರವನ್ನು ಮಡಿಲಲ್ಲಿಟ್ಟುಕೊಂಡು, ಕೆಲಸ ಮಾಡದೆ, ನಮ್ಮನ್ನೇ ನೋಡುತ್ತಿದ್ದಳು.

ಉಪದೇಶಿಗಳು ಕುಕ್ಕರಗಾಲಲ್ಲಿ ಕೂತು ಮಗುವಿನ ಮೂಗಿನ ಹತ್ತಿರ ಕೈ ಹಿಡಿದರು. ಎದೆ ಮುಟ್ಟಿದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು.

"ಉಸಿರು ಉಂಟಾ, ಉಪದೇಶಿಯವರೇ?"

ಅವರು ಕೈ ತೆಗೆದು ಅವಳ ಮುಖ ನೋಡಿದರು. ಆಮೇಲೆ, "ಉಂಟು" ಎಂದರು. "ಉಸಿರು ಉಂಟು. ನೀರು ಕೊಡು ಮಗಳೇ."

ಮಗಳು ಎದ್ದು ಚೆಂಬಿನಲ್ಲಿ ನೀರು ತಂದಳು. ಉಪದೇಶಿಗಳು ನನ್ನ ಕಡೆ ನೋಡದೆ, "ಕಾಲಿನ ಹತ್ತಿರ ಹಿಡಿದುಕೊಳ್ಳಿ" ಎಂದರು. ತಲೆಯನ್ನು ತಾಯಿ ಹಿಡಿದಿದ್ದಳು. ನಾನು ಕಾಲು ಹಿಡಿದೆ. ಹಿಡಿದ ಕೂಡಲೇ ಗೊತ್ತಾಯಿತು. ಆ ಬಿಸಿಲಿನಲ್ಲಿ ಪಾದ ತಣ್ಣಗಿತ್ತು, ಮೊಣಕಾಲು ಸಡಿಲವಾಗಿ ಬಾಗುತ್ತಿರಲಿಲ್ಲ. ಮಗು ಸತ್ತು ಹೊತ್ತಾಗಿತ್ತು.

"ಹೆಸರು ಎಂತ?" ಎಂದು ಉಪದೇಶಿಗಳು ಕೇಳಿದರು.

"ಇಟ್ಟಿಲ್ಲ. ನೀವೇ ಇಡಿ."

ಅವರು ತಮ್ಮದೇ ಹೆಸರು ಇಟ್ಟರು. ಮೋಟು ಬೆರಳುಗಳ ಬೊಗಸೆಯಲ್ಲಿ ನೀರು ನಿಲ್ಲದು, ಹಾಗಾಗಿ ಮೂರು ಸಲವೂ ಚೆಂಬಿನಿಂದಲೇ ಹನಿಸಿದರು. ಅಯ್ಯನವರು ಮಾತ್ರ ಹೇಳಬೇಕಾದ ಮಾತುಗಳನ್ನು ಒಂದೂ ಬಿಡದೆ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, ಮಗುವಿನ ಎದೆಯ ಮೇಲೆ ಮತ್ತೆ ಕೈಯಿಟ್ಟು, "ಈಗ ಹೋಯಿತು" ಎಂದರು. ಆಗ ಅವಳು ಅತ್ತಳು.

ಮರುದಿನ ಬೆಳಿಗ್ಗೆ ಹಿರಿಯರು ಸಮಾಧಿಭೂಮಿಯ ಬಾಗಿಲಲ್ಲಿ ನಿಂತಿದ್ದರು. "ದೀಕ್ಷಾಸ್ನಾನ ಆಗಿದೆ. ಇವರು ಸಾಕ್ಷಿ" ಎಂದು ಉಪದೇಶಿಗಳು ನನ್ನನ್ನು ತೋರಿಸಿದರು. ನಾನು ತಲೆಯಾಡಿಸಿದೆ. ಆಗಿದ್ದು ನಿಜವೇ ತಾನೆ. ಮಗುವಿಗೆ ಮಕ್ಕಳ ಸಾಲಿನಲ್ಲಿ ಜಾಗ ಸಿಕ್ಕಿತು. ಗುಂಡಿಯನ್ನು ಉಪದೇಶಿಗಳೇ ತೆಗೆದರು. ತಲೆಯ ಕಡೆ ಒಂದು ಮರದ ಶಿಲುಬೆ ನೆಟ್ಟು, ಅದರ ಮೇಲೆ ಹೆಸರನ್ನು ಮಸಿಯಲ್ಲಿ ಬರೆದರು.

ತಿಂಗಳಾದ ಮೇಲೆ ವಿಚಾರಣೆಗೆ ಸಮಿತಿ ಕೂತಿತು. ಅಧಿಕಾರವಿಲ್ಲದ ಉಪದೇಶಿ ದೀಕ್ಷಾಸ್ನಾನ ಕೊಟ್ಟರೆಂದು ಹಿರಿಯರಲ್ಲೊಬ್ಬರು ದೂರು ಬರೆದಿದ್ದರು. ಸಾಯುವ ಮಗುವಿಗೆ ಯಾರು ಕೊಟ್ಟರೂ ಕ್ಷಮಿಸಬಹುದೆಂದು ಸಮಿತಿಯ ಹೆಚ್ಚಿನವರು ಹೇಳಿದರು. ಮಾತು ಅಲ್ಲಿಗೇ ಮುಗಿಯುವುದಿತ್ತು. ಅಷ್ಟರಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿದರು. ಒಳ್ಳೆಯ ಮನುಷ್ಯ, ಮೆಲ್ಲಗೆ ಕೇಳಿದರು.

"ನೀರು ಹಾಕುವಾಗ ಮಗುವಿಗೆ ಜೀವ ಇತ್ತಲ್ಲವಾ?"

ಹೌದೆಂದರೆ ಮುಗಿಯುತ್ತಿತ್ತು. ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರು. ಒಬ್ಬರು ಆಗಲೇ ಕನ್ನಡಕ ತೆಗೆದು ಮಡಚುತ್ತಿದ್ದರು.

"ಇಲ್ಲ" ಎಂದೆ. "ಮೊದಲೇ ಸತ್ತಿತ್ತು. ನಾನು ಕಾಲು ಹಿಡಿದಿದ್ದೆ."

ಸತ್ಯಕ್ಕಾಗಿ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನನ್ನ ದೀಕ್ಷೆಗೆ ನಾಲ್ಕು ತಿಂಗಳಿತ್ತು. ಆ ಸಮಿತಿಯವರೇ ನನ್ನ ಹೆಸರನ್ನು ಒಪ್ಪಬೇಕಾದವರು. ಅವರೆದುರು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಎಂಬ ಹೆದರಿಕೆಯಿತ್ತು. ಅದಕ್ಕಿಂತ ಕೆಟ್ಟದ್ದೂ ಒಂದಿತ್ತು. ಎಂಥ ಪ್ರಾಮಾಣಿಕ ಯುವಕ ಎಂದು ಅವರು ಅಂದುಕೊಳ್ಳಲಿ ಎಂಬ ಆಸೆ.

ಉಪದೇಶಿಗಳು ಒಮ್ಮೆ ನನ್ನನ್ನು ನೋಡಿದರು. ಅಷ್ಟೇ. "ಇವರು ಹೇಳುವುದು ನಿಜವಾ?" ಎಂದು ಕೇಳಿದಾಗ "ನಿಜ" ಎಂದರು. ಯಾಕೆ ಹಾಗೆ ಮಾಡಿದಿರಿ ಎಂದಾಗ, "ಅವಳನ್ನು ಹೊರಗೆ ಹಾಕುವ ಕಾಗದ ಓದಿದವನು ನಾನು" ಎಂದರು. ಅದು ಕೇಳಿದ್ದಕ್ಕೆ ಉತ್ತರವಲ್ಲವೆಂದು, ನಡಾವಳಿ ಬರೆಯುತ್ತಿದ್ದವರು ಆ ಮಾತನ್ನು ಬರೆದುಕೊಳ್ಳಲಿಲ್ಲ.

ಅವರನ್ನು ಕೆಲಸದಿಂದ ತೆಗೆದರು. ಮಿಷನ್ನಿನ ಮನೆ ಬಿಡಬೇಕಾಯಿತು. ಆ ಸಭೆಯಲ್ಲಿ ಮಗುವಿನ ಹೆಸರನ್ನು ಪುಸ್ತಕದಿಂದ ಹೊಡೆದು ಹಾಕಿ, ನಡೆದ ಸಂಸ್ಕಾರ ಅಸಿಂಧುವೆಂದು ಭಾನುವಾರ ಓದಿ ಹೇಳಿದರು. ಗುಂಡಿ ಅಗೆಯಲಿಲ್ಲ, ಅಷ್ಟು ದಯೆ ಇತ್ತು. ಶಿಲುಬೆಯನ್ನು ಮಾತ್ರ ಕಿತ್ತರು.

ಉಪದೇಶಿಗಳನ್ನು ನೋಡಲು ನಾನು ಪುತ್ತೂರಿಗೆ ಹೋದೆ. ಒಂದೇ ಕೋಣೆಯ ಬಾಡಿಗೆ ಮನೆ. ಅವರ ಹೆಂಡತಿ ಕಾಫಿ ತಂದು ನನ್ನ ಮುಂದೆ ನೆಲದ ಮೇಲಿಟ್ಟು ಹಿತ್ತಲಿಗೆ ಹೋದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಉಪದೇಶಿಗಳು ಕೈಯೆತ್ತಿ ತಡೆದರು.

"ನೀವು ಸುಳ್ಳು ಹೇಳಬೇಕಿತ್ತು ಅಂತ ನಾನು ಹೇಳುದಿಲ್ಲ. ಸುಳ್ಳು ಹೇಳಿದವನು ನಾನು, ತೆಗೆದದ್ದು ಸರಿ. ಆದರೆ ಅದನ್ನು ಸಭೆಯಲ್ಲಿ ಓದಿ ಅವಳ ಕಿವಿಗೆ ಯಾಕೆ ಹಾಕಿದ್ದು? ಅವಳಿಗೆ ಹೇಳುವ ಅಗತ್ಯ ಎಂತ ಇತ್ತು?"

ನಾನು ಕಾಫಿಯ ಲೋಟ ಎತ್ತಿಕೊಂಡೆ.

"ಅವಳ ಮನೆಗೆ ನಾನು ಹೋಗಿದ್ದೆ" ಎಂದರು. "ಮನೆಗೆ ಬೀಗ. ಮಗಳನ್ನು ಕರೆದುಕೊಂಡು ಘಟ್ಟಕ್ಕೆ ಹೋದಳಂತೆ. ನನ್ನ ಮುಖ ನೋಡಲಿಕ್ಕೆ ಆಗದೆ ಹೋದಳು. ಮೊದಲು ಸಭೆಯಿಂದ ತೆಗೆದೆ. ಆಮೇಲೆ ಮಗುವಿನ ಹೆಸರಲ್ಲಿ ಮೋಸ ಮಾಡಿದೆ. ಊರು ಬಿಡದೆ ಎಂತ ಮಾಡ್ತಾಳೆ?"

ಐವತ್ತು ದಾಟಿದ ಮೋಟು ಬೆರಳಿನವರಿಗೆ ಯಾರು ಕೆಲಸ ಕೊಡುತ್ತಾರೆ? ಕೊನೆಗೆ ಕಬಕದ ಕಡೆ ಒಂದು ಮರದ ಮಿಲ್ಲಿನಲ್ಲಿ ಹುಡಿ ಗುಡಿಸುವ ಕೆಲಸ ಸಿಕ್ಕಿತು. ವರ್ಷ ಕಳೆಯುತ್ತಾ ಕೆಮ್ಮು ಹತ್ತಿತು. ಭಾನುವಾರ ತಪ್ಪದೆ ದೇವಾಲಯಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು, ಪ್ರಭು ಭೋಜನದ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದರು. ಅವರನ್ನು ಯಾರೂ ಅದರಿಂದ ತಡೆದಿರಲಿಲ್ಲ. ದೀಕ್ಷೆಯಾದ ಮೇಲೆ ನಾನೊಮ್ಮೆ ಅಲ್ಲಿ ಪ್ರಸಂಗ ಮಾಡಿದೆ. ಹೊರಗೆ ಬಂದಾಗ ಮೆಟ್ಟಿಲ ಬಳಿ ನಿಂತಿದ್ದರು. ಕೋಟಿನ ಕಾಲರಿನಲ್ಲಿ ಮರದ ಹುಡಿಯಿತ್ತು. "ಮೂರೇ ಪುಟಕ್ಕೆ ತಂದಿದ್ದೀರಿ. ಒಳ್ಳೆಯದಾಯಿತು" ಎಂದರು. ಆಮೇಲೆ ದನಿ ತಗ್ಗಿಸಿ, ಘಟ್ಟದ ಕಡೆಯಿಂದ ಯಾರಾದರೂ ಸಿಗುತ್ತಾರಾ, ಅವಳ ಸುದ್ದಿ ಏನಾದರೂ ಉಂಟಾ ಎಂದು ಕೇಳಿದರು. ಸಿಕ್ಕಾಗಲೆಲ್ಲ ಅದನ್ನೇ ಕೇಳುತ್ತಿದ್ದರು. ಹನ್ನೆರಡು ವರ್ಷ ಕೇಳಿದರು.

ಅವರು ತೀರಿಹೋಗಿ ಐದು ತಿಂಗಳಾಗಿರಬಹುದು. ಮರ್ಕಂಜದಲ್ಲಿ ಒಂದು ಮನೆಗೆ ಪ್ರಾರ್ಥನೆಗೆ ಹೋಗಿ ಹಿಂದೆ ಬರುತ್ತಿದ್ದೆ. ಎದುರಿನಿಂದ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ದಾರಿ ಬಿಟ್ಟು ನಿಂತೆ. ಅವಳು ದಾಟಿ ಹೋಗದೆ ನನ್ನನ್ನೇ ನೋಡಿದಳು.

"ಅಂದು ಕಾಲು ಹಿಡಿದುಕೊಂಡವರು ನೀವಲ್ಲವಾ?"

ನಾನು ತಲೆಯಾಡಿಸಿದೆ. ಅವಳು ಹೊರೆಯನ್ನು ಕಟ್ಟೆಯ ಮೇಲಿಳಿಸಿದಳು. ಗಂಡ ಘಟ್ಟದಲ್ಲೇ ಸತ್ತನಂತೆ. ಮಗಳನ್ನು ಇಲ್ಲಿಗೆ ಮದುವೆ ಮಾಡಿ ಕೊಟ್ಟು, ಅವಳೊಡನೆ ಇರಲು ಬಂದು ಒಂದು ತಿಂಗಳಾಗಿತ್ತಷ್ಟೆ. "ಉಪದೇಶಿಯವರು ಹೇಗಿದ್ದಾರೆ? ಒಮ್ಮೆ ಪುತ್ತೂರಿಗೆ ಹೋಗಿ ನೋಡಬೇಕು ಅಂತ ಉಂಟು" ಎಂದಳು.

ತೀರಿಕೊಂಡರೆಂದು ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಹೇಳಬೇಕಾದ್ದನ್ನು ಹೇಳಿದೆ. "ಅವರ ಮೇಲಿನ ಸಿಟ್ಟಿನಿಂದ ನೀವು ಊರು ಬಿಟ್ಟಿರಿ ಅಂತ ಅವರು ತಿಳಿದಿದ್ದರು. ಸಾಯುವವರೆಗೂ."

"ಸಿಟ್ಟಾ? ಅವರ ಮೇಲೆ ನನಗೆಂತ ಸಿಟ್ಟು? ಶಿಲುಬೆ ಕಿತ್ತ ಜಾಗ ನೋಡಲಿಕ್ಕೆ ಆಗಲಿಲ್ಲ. ಅದಕ್ಕೆ ಹೋದದ್ದು."

"ಮಗು ಮೊದಲೇ ಹೋಗಿತ್ತು ಅಂತ ಆಮೇಲೆ ನಿಮಗೆ ಗೊತ್ತಾಯಿತಲ್ಲ..."

"ಆಮೇಲೆ ಅಲ್ಲ, ಅಯ್ಯನವರೇ" ಎಂದಳು. "ನನ್ನ ಮಡಿಲಲ್ಲಿದ್ದ ಮಗು. ತಣ್ಣಗಾದದ್ದು ನನಗೆ ಗೊತ್ತಾಗುದಿಲ್ವಾ? ನೀವಿಬ್ಬರು ಬರುವ ಮೊದಲೇ ಹೋಗಿತ್ತು. ಉಸಿರು ಉಂಟಾ ಅಂತ ನಾನು ಕೇಳಿದ್ದು, ಉಂಟು ಅಂತ ಅವರು ಹೇಳಲಿ ಅಂತ. ಹೇಳಿದರು. ಅಷ್ಟು ಬಿಗಿ ಮನುಷ್ಯ, ನನಗೋಸ್ಕರ ಹೇಳಿದರು."

ಅವಳು ಹೊರೆಯ ಕಟ್ಟನ್ನು ಬಿಗಿಮಾಡಿದಳು.

"ನಿಮ್ಮ ಸಮಿತಿಯವರು ನನ್ನನ್ನು ಕರೆದಿದ್ದರೆ ಜೀವ ಇತ್ತು ಅಂತ ನಾನೇ ಹೇಳ್ತಿದ್ದೆ. ಹೆತ್ತವಳು ಹೇಳಿದ್ರೆ ಯಾರು ಇಲ್ಲ ಅಂತಾರೆ? ನಾನು ಅಂದು ಹೊರಗೆ ಜಗಲಿಯಲ್ಲೇ ಕೂತಿದ್ದೆ, ಸಂಜೆಯವರೆಗೆ. ಯಾರೂ ಕರೆಯಲಿಲ್ಲ."

ಹೌದು, ಜಗಲಿಯಲ್ಲಿ ಒಬ್ಬಳು ಹೆಂಗಸು ಕೂತಿದ್ದಳು. ವಿಚಾರಣೆ ಮುಗಿಸಿ ನಾನು ಅವಳ ಪಕ್ಕದಿಂದಲೇ ಇಳಿದು ಬಸ್ಸಿಗೆ ಹೋಗಿದ್ದೆ.

ಹೊತ್ತಾಯಿತೆಂದು ಅವಳು ಹೊರೆಯ ಕಡೆ ತಿರುಗಿದಳು. "ಒಂದು ಕೈ ಕೊಡಿ, ಅಯ್ಯನವರೇ, ಒಬ್ಬಳಿಗೆ ಎತ್ತಲಿಕ್ಕೆ ಆಗುದಿಲ್ಲ" ಎಂದಳು. ಎತ್ತಿ ಕೊಟ್ಟೆ. ಅವಳು ತಲೆಯ ಮೇಲೆ ಸರಿಮಾಡಿಕೊಂಡು, ಹಿಂದೆ ನೋಡದೆ ಗುಡ್ಡ ಹತ್ತಿದಳು.